ಕಾಗದದಲ್ಲಿರೋ ಹೆಸರೇ ಬರ್ಕೊಳ್ಳಿ

...ನಗ್ತಿದ್ದೀರಾ ಡಾಕ್ಟರಮ್ಮಾ? ನಗ್ಬೇಡಿ! ತಲೆ ಕೆಟ್ಟಿದೆ ಅಂತ ನಾನೇ ಬಾಯ್ಬಿಟ್ಟು ಹೇಳ್ತಿದ್ದೀನಿ, ನೀವು ಬಿಷ್ಕೆಕ್‌ನಲ್ಲಿ ಕೂತ್ಕೊಂಡು, ಈ ಟೀವಿಯಂಥ ಪೆಟ್ಟಿಗೆಯೊಳಗಿಂದ ಹಲ್ಲು ಕಿರೀತೀರಲ್ಲ... ಬರ್ಕೊಳ್ಳಿ. ಚಹಾ ಕೆಟಲ್ ಜೊತೆ ಜಗಳ ಆಡ್ತೀನಿ. ಕುರಿಗಳ ಹತ್ರ ನ್ಯಾಯ ಕೇಳ್ತೀನಿ. ಏನು? ಎಲ್ರೂ ಹಾಗೇನಾ? ಸರಿ, ಹಾಗಾದ್ರೆ... ಕೆಟಲ್ ನನಗೆ ತಿರುಗಿ ಬೈಯುತ್ತೆ! ಹಾಂ, ಅದನ್ನ ಬರೀರಿ. ಬರೆದು ನನ್ನನ್ನ ಪಟ್ಟಿಗೆ ಸೇರಿಸಿಬಿಡಿ.

ಯಾವ ಪಟ್ಟಿ ಅಂದ್ರೆ? ತಲೆ ಕೆಟ್ಟವರ ಪಟ್ಟಿ ತಾಯಿ! ಒಂದ್ಸಲ ಹೆಸರು ಹತ್ತಿದ್ರೆ ಸಾಯೋತನಕ ಇಳಿಯಲ್ವಲ್ಲ, ಅಂಥ ಮನೆಗೆ ಹೆಣ್ಣು ಕೊಡಲ್ವಲ್ಲ... ಅದು. ನನ್ನ ಮಗನಿಗೆ ಮುಂದಿನ ತಿಂಗಳು ಮದುವೆ. ಅಷ್ಟರೊಳಗೆ ಸೇರಿಸಿ.

ಯಾಕೆ ಅಂತೀರಾ? ಪಾಪ ಮಾಡಿದ್ದೀನಿ, ಅದಕ್ಕೆ! ನನ್ನ ಮೈದುನನ ಹೆಂಡ್ತಿ ಕನಿಶಾಯ್ ಅಂತ. ಒಂದೇ ಅಂಗಳ, ಎರಡು ಮನೆ. ಚಿನ್ನದಂಥ ಹೆಂಗಸು! ಅವಳ ಮಗಳು ಜಿಪಾರ್, ಹತ್ತೊಂಬತ್ತು ವರ್ಷ. ಕೊಚ್ಕೋರ್‌ನ ಬೀಗಿತ್ತಿ ಬಂದು, ಹುಡುಗಿ ಕಿವಿಗೆ ಓಲೆ ಇಟ್ಟು, ಮದುವೆ ಗೊತ್ತುಮಾಡಿ, ಎಣ್ಣೇಲಿ ಕರಿದ ಬಿಸಿಬಿಸಿ ಬೋರ್ಸೋಕ್ ತಿಂದು ಹೋಗಿದ್ಲು. ನಾನೇನ್ ಮಾಡ್ದೆ? ‘ಹುಡುಗಿ ನಿದ್ದೆ ಮಾಡಲ್ಲ, ಸುಮ್‌ಸುಮ್ನೆ ಅಳ್ತಾಳೆ, ಜಿಲ್ಲಾ ಆಸ್ಪತ್ರೇಲಿ ತಲೆ ಡಾಕ್ಟರಿಗೆ ತೋರ್ಸಿದ್ದಾರೆ’ ಅಂತ ಆ ಬೀಗಿತ್ತಿ ಕಿವಿಗೆ ಊದಿಬಿಟ್ಟೆ. ಹೊಟ್ಟೆಕಿಚ್ಚಿನ ಮಾರಿ ನಾನು! ಮೂರನೇ ದಿನ ಬೀಗಿತ್ತಿ ಬಂದ್ಲು. ಚಹಾ ಕೂಡ ಮುಟ್ಲಿಲ್ಲ. ಹುಡುಗಿ ಕಿವಿಯಿಂದ ಓಲೆ ಬಿಚ್ಕೊಂಡು ಹೋದ್ಲು. ತಾನೇ! ಕೈಯಾರೆ! ...ಇಲ್ಲ, ಅಳ್ತಿಲ್ಲ. ಮಾಡ್ದೋಳು ನಾನು, ನಾನ್ಯಾಕೆ ಅಳ್ಲಿ?

ಏನು? ನನ್ನ ಹೆಸರಾ? ಕಾಗದದಲ್ಲಿದೆಯಲ್ಲ, ಅದೇ ಬರ್ಕೊಳ್ಳಿ... ಬಾಯಲ್ಲೇ ಹೇಳ್ಬೇಕಾ? ಗಂಟಲು ಕಟ್ಟಿದೆ. ನೀವೇ ಹೇಳಿ, ನಾನು ಹೂಂ ಅಂತೀನಿ. ...ಯಾಕೆ ಮತ್ತೆ ನಗ್ತೀರಿ? ನೀವೂ ನಾರಿನ್ ಕಡೆಯವರಾ? ಕೆಟ್ಟೆ!

ಸರಿ, ಸಿಕ್ಕಿಬಿದ್ದೆ. ನಮ್ಮ ಕಡೆ ಯಾವ ಸೊಸೆ ಗಂಡನ ಅಣ್ಣನ ಹೆಂಡ್ತಿ ಹೆಸರು ಬಾಯಿಗೆ ತರ್ತಾಳೆ? ಇಪ್ಪತ್ತೊಂದು ವರ್ಷ ‘ಅಕ್ಕ’ ಅಂದಿದ್ದೀನಿ. ಅವಳ ಮನೆ ಹಾಳಾಗ್ಲಿ ಅನ್ನೋಕೆ ಬಾಯಿ ಬರುತ್ತೆ, ಹೆಸರು ಹೇಳೋಕೆ ಬರಲ್ಲ ನೋಡಿ! ಹೌದು, ಕನಿಶಾಯ್ ನಾನೇ. ಆ ಚಿನ್ನದಂಥ ಹೆಂಗಸು! ಬೀಗಿತ್ತಿ ಕಿವಿಗೆ ಊದಿದ್ದು ಅವಳು. ಈ ಊರಾಸ್ಪತ್ರೆಗೆ ಬಂದಿರೋ ನರ್ಸು ಹೊಸಬಳು, ನಮ್ಮಿಬ್ರ ಮುಖಾನೂ ಗೊತ್ತಿಲ್ಲ. ಅಕ್ಕನ ಗುರುತಿನ ಚೀಟಿ ಮುಂದಿಟ್ಟೆ, ಒಳಗೆ ಬಿಟ್ಲು. ಬೈಯಿರಿ, ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಮೊದ್ಲು ಅವಳನ್ನ ಪಟ್ಟಿಗೆ ಹಾಕಿ! ಅವಳ ಮನೆಯಿಂದಲೂ ಬೀಗರು ಚಹಾ ಮುಟ್ಟದೆ ಎದ್ದು ಹೋಗ್ಬೇಕು. ನಾನು ಅಂಗಳದಲ್ಲಿ ನಿಂತು ಕಣ್ಣು ತುಂಬ ನೋಡ್ಬೇಕು. ಆಗ ನನ್ನ ಹೊಟ್ಟೆ ತಣ್ಣಗಾಗೋದು.

...ಏನಂದ್ರಿ? ಪಟ್ಟಿನೇ ಇಲ್ವಾ? ಈ ಪೆಟ್ಟಿಗೆ ಮುಂದೆ ಆಡಿದ್ದು ಎಲ್ಲೂ ಹೋಗಲ್ವಾ? ಯಾರದ್ದೂ? ಸುಳ್ಳು! ಹಾಗಾದ್ರೆ ನಾನು ಇಷ್ಟು ಹೊತ್ತು...

ಯಾಕೆ ತಲೆ ತಗ್ಗಿಸಿದ್ರಿ? ಆ ಕಾಗದದ ಕೆಳಗೇನು ಓದ್ತಿದ್ದೀರಿ? ಅವಳು ಏನೋ ಬರೆಸಿದ್ದಾಳೆ, ಅಲ್ವಾ? ...ನನಗೆ ಗೊತ್ತು ಬಿಡಿ. ನಿಮ್ಮನ್ನ ಕಾಣೋಕೆ ಈ ಸರದಿ ಹಿಡಿದಿದ್ದು ಆ ಅಕ್ಕನೇ. ‘ಜಿಪಾರ್ ಹೆಸರು ಎಲ್ಲೂ ಬೀಳೋದು ಬೇಡ ಕಣೆ, ನನ್ನ ಹೆಸರಲ್ಲಿ ತೋರ್ಸು, ಏನಾದ್ರೂ ಆದ್ರೆ ನನಗಾಗ್ಲಿ’ ಅಂತ ಚೀಟೀನ ನನ್ನ ಕೈಗಿಟ್ಲು. ಹೊಸ್ತಿಲಲ್ಲಿ ನಿಂತು ಅತ್ಲು. ಅವಳು ಅಳೋದು ನೋಡಿ ಎಷ್ಟು ಖುಷಿ ಆಯ್ತು ಗೊತ್ತಾ ನನಗೆ? ಒಂದೇ ಸರದಿ ಇತ್ತು. ಅದನ್ನ ನಾನು ಸೇಡಿಗೆ ಖರ್ಚು ಮಾಡ್ದೆ.

ಏನಾದ್ರೂ ಅನ್ನಿ! ...ಹುಡುಗಿ ಎಲ್ಲಿ ಅಂತ ಮಾತ್ರ ಕೇಳ್ಬೇಡಿ. ಕೇಳ್ಲಿಲ್ಲ, ಸರಿ. ಆದ್ರೂ ಹಾಗೆ ನೋಡ್ಬೇಡಿ! ಮನೇಲಿದ್ದಾಳೆ. ಕೋಣೇಲಿ. ಎರಡು ಸಲ ಹೊಳೆ ಕಡೆ ನಡ್ಕೊಂಡು ಹೋಗಿದ್ಲು... ಅದಕ್ಕೇ ಹೊರಗಿಂದ ಬೀಗ ಹಾಕಿ ಬಂದೆ. ಅಯ್ಯೋ, ಬೆಳಗ್ಗೇನೇ ಎದ್ದು, ಜಡೆ ಹೆಣ್ಕೊಂಡು ಕೂತಿದ್ಲು. ‘ಅಮ್ಮಾ, ಇವತ್ತು ಡಾಕ್ಟರ ಹತ್ರ ನಾನು ಮಾತಾಡೋ ದಿನ ಅಲ್ವಾ?’ ಅಂದ್ಲು. ನಾನು ಹೊರಟಾಗ ಬಾಗಿಲು ಬಡೀತಿದ್ಲು. ಗೇಟು ದಾಟೋಷ್ಟರಲ್ಲಿ ಸದ್ದು ನಿಂತಿತ್ತು. ನಿಂತಾಗ... ನಿಂತಾಗ ನನಗೆ ಸದ್ಯ ಅನ್ನಿಸ್ತು.

ನಾನು ಬಂದು ಎಷ್ಟು ಹೊತ್ತಾಯ್ತು? ಡಾಕ್ಟರಮ್ಮಾ, ಎಷ್ಟು ಹೊತ್ತಾಯ್ತು? ಲೈನ್ ಕಟ್ ಮಾಡ್ಬೇಡಿ, ಪಕ್ಕದ ಬೀದೀನೇ, ಓಡ್ತೀನಿ. ಕರ್ಕೊಂಡ್ ಬರ್ತೀನಿ. ನೀವು ಏಳ್ಬೇಡಿ... ಅಲ್ಲೇ ಕೂತಿರಿ!