ಆ ದಿನ ಏನ್ ತಿಂದ್ರಿ ಸಾರ್?

ಅಲ್ಲ ಕಣ್ರೋ, ಅನುಮಾನ ನಂಗೆ ಹುಟ್ಟುಗುಣ ಅಲ್ಲ, ಹೊಟ್ಟೆಪಾಡಿಗೆ ಕಲ್ತಿದ್ದು. ಮೊದ್ಲು ಅನುಮಾನ ಪಟ್ಟಿದ್ದು ನಮ್ಮನೆಯೋರು, ನನ್ ಮೇಲೆ. ಬರ್ಮಾ ಯುದ್ಧ ಮುಗಿಸ್ಕೊಂಡು ಚಾಮರಾಜಪೇಟೆ ಮನೆಗೆ ಬಂದ್ನಾ, ನಮ್ಮ ಸೋದರತ್ತೆ ಬಾಗಿಲಲ್ಲೇ ತಡೆದು, "ಏನೇನ್ ತಿಂದ್ಯೋ ಅಲ್ಲಿ? ನಿಜ ಹೇಳು!" ಅಂತ. ಗುಂಡೇಟು ಬಿತ್ತಾ, ಬದುಕಿದೀಯಾ, ಊಹೂಂ, ಅದೊಂದೂ ಕೇಳ್ಲಿಲ್ಲ. ಇಲ್ಲಿ ರೇಷನ್ ಅಕ್ಕೀಲಿ ಕಲ್ಲು ಆರಿಸ್ತಾ ಕೂತಿದ್ರಲ್ಲ, ಅವರಿಗೆ ಊಟದ್ದೇ ಯೋಚನೆ. ನಾನು ಏನೋ ಸುಳ್ಳು ಹೇಳೋಕೆ ಹೋಗಿ ತಡವರಿಸ್ದೆ, ಸಿಕ್ಕಾಕೊಂಡೆ, ಪಂಚಗವ್ಯ ಕುಡಿಸಿದ್ರು. ಆವಾಗ ಗೊತ್ತಾಯ್ತು ನೋಡಿ, ಯುದ್ಧದ ಸುಳ್ಳು ಎಲ್ಲರ ಹತ್ರಾನೂ ತಯಾರಿರುತ್ತೆ, ಊಟದ ಸುಳ್ಳು ತಯಾರಿರಲ್ಲ.

ಆಮೇಲೆ, ಐವತ್ತನೇ ಇಸವಿ ಈಚೆಗೆ, ಮಂಡಿ ಕೆಟ್ಟು ಮೇಜರ್ ಆಗೇ ರಿಟೈರ್ ಆದೆ. ನಮ್ಮ ಪಲ್ಟನ್ನಿನ ಚರಿತ್ರೆ ಬರೀಬೇಕು ಅಂತ ಕೆಲಸ ಕೊಟ್ರು. ಕೊಡ್ಸಿದ್ದು ನಮ್ಮ ಹಳೇ ಕರ್ನಲ್ ಸಾಹೇಬ್ರೇ, ಬಸವನಗುಡೀಲಿದ್ರು, ನಂಗೆ ತಂದೆ ಇದ್ದಂಗೆ. ಬರೀತಾ ಬರೀತಾ ಒಂದು ಕಡೆ ಪೆನ್ನು ನಿಂತೋಯ್ತು. ಬರ್ಮಾದಿಂದ ಹಿಂದಕ್ಕೆ ಬರ್ಬೇಕಾದ್ರೆ ರುದ್ರಪ್ಪ ಅನ್ನೋ ಲಾರಿ ಡ್ರೈವರ್ರು, ಅಡುಗೆ ಪಾತ್ರೆ, ಅಕ್ಕಿ ಎಲ್ಲಾ ಇದ್ದ ಲಾರೀನ ಒಂದಿನ ಬೆಳಿಗ್ಗೇನೇ ಹೊಡ್ಕೊಂಡು ಓಡಿಹೋದ, ಅಂತ ಸಾಹೇಬ್ರ ಹೇಳಿಕೆ. ನಾನಾಗ ಬೇರೆ ಕಡೆ ಇದ್ದೆ, ನೋಡಿಲ್ಲ. ಓಡಿಹೋದೋನು ಎಲ್ಲಿಗ್ ಹೋದ? ಅವನ ಮನೆ ಬಿನ್ನಿಪೇಟೆ. ಸರಿ, ಹೋದೆ.

ಓಣೀಗೆ ಕಾಲಿಟ್ಟೆ, ಬಾಗಿಲೆಲ್ಲಾ ದಬದಬ ಮುಚ್ಕೊಂಡ್ವು. ಮೀಸೆ ನೋಡಿ ಪೊಲೀಸು ಅನ್ಕೊಂಡ್ರು. ರುದ್ರಪ್ಪನ ಮನೆ ಯಾವ್ದು ಅಂದಿದ್ದಕ್ಕೆ ನಲ್ಲಿ ಹತ್ರ ಇದ್ದ ಒಬ್ಳು ಮಾತ್ರ, "ಅವನ ಹೆಂಡ್ತಿ ಗೌರಮ್ಮನ ಮನೇನಾ? ಗಂಡ ಇಲ್ಲ ಅಂತಾಳೆ, ಹಣೇಲಿ ಕುಂಕುಮ ಅಷ್ಟಗಲ! ನೀವೇ ಲೆಕ್ಕ ಹಾಕ್ಕೊಳಿ" ಅಂದ್ಲು. ಹೋಗಿ ನೋಡ್ತೀನಿ, ಹೊಸಲಿನ ಹತ್ರ ಗಂಡಸಿನ ಚಪ್ಪಲಿ! ಹೊಸದು! ಸಿಕ್ದ ಕಳ್ಳ ಅನ್ಕೊಂಡೆ. ಗೌರಮ್ಮ ಬಾಗಿಲಿಗೆ ಅಡ್ಡ ನಿಂತ್ಕೊಂಡು, "ಯಾರ್ ಕಳ್ಸಿದ್ದು ನಿಮ್ಮನ್ನ?" ಅಂತ.

"ಒಳಗೆ ಯಾರಮ್ಮ ಇರೋದು?"

"ಯಾರೂ ಇಲ್ಲ."

"ಮತ್ತೆ ಚಪ್ಪಲಿ?"

ಆಯಮ್ಮ ಬಗ್ಗಿ ಚಪ್ಪಲಿ ಎತ್ತಿ ನನ್ ಮುಖಕ್ಕೇ ಹಿಡಿದ್ಲು. ಹೊಡೀತಾಳೆ ಅನ್ಕೊಂಡೆ ಕಣ್ರೋ, ನಿಜವಾಗ್ಲೂ! ನೋಡಿದ್ರೆ ಕಾಲ ಹೆಬ್ಬೆಟ್ಟಿನ ಗುರುತೇ ಇಲ್ಲ, ತಳ ಸವೆದೇ ಇಲ್ಲ. "ಮಿಲ್ಲಲ್ಲಿ ದುಡಿಯೋ ಒಂಟಿ ಹೆಂಗಸು ಸ್ವಾಮಿ. ಹೊರಗಿನೋರಿಗೆ ಮನೇಲಿ ಗಂಡಸಿದಾನೆ ಅಂತ ಕಾಣ್ಲಿ ಅಂತ ಇಡ್ತೀನಿ. ಸತ್ತ ಅಂತ ಯಾರೂ ಹೇಳ್ಲಿಲ್ಲ, ಓಡಿಹೋದ ಅಂತಾರೆ. ಅವನು ಓಡೋನಲ್ಲ. ಹೇಳಿ, ನಾನು ಕುಂಕುಮ ಅಳಿಸ್ಲಾ, ಇಟ್ಕೊಳ್ಲಾ?"

ಸಾಹೇಬ್ರನ್ನೇ ಕೇಳೋಣ ಅಂತ ಎದ್ದೆ. ಸೀದಾ ಬಸವನಗುಡಿಗೆ ಬಂದೆ. ಸಾಹೇಬ್ರು ಜಗಲೀಲಿ ಕೂತಿದ್ರು, ಕಾಫಿ ತರಿಸಿದ್ರು. ಎಷ್ಟು ಒಳ್ಳೇ ಕಾಫಿ ಅಂತೀರಿ! ಅವರ ಮೇಲೆ ಅನುಮಾನ ಪಡೋಕೆ ಮನಸ್ಸೇ ಬರ್ಲಿಲ್ಲ. ಯುದ್ಧದ ಮಾತು ಎತ್ತಿದ್ರೆ ಗಿಳಿಪಾಠ ಒಪ್ಪಿಸ್ದಂಗೆ ಹೇಳ್ತಾರೆ, ಒಂದಕ್ಷರ ಆಚೀಚೆ ಇಲ್ಲ. ಅದೇ ನಂಗೆ ಚುರ್ ಅಂತು. ಅತ್ತೆ ನೆನಪಾದ್ರು. ಮೆಲ್ಲಗೆ ಕೇಳ್ದೆ, "ಆ ದಿನ ಸಾಯಂಕಾಲ ಏನ್ ತಿಂದ್ರಿ ಸಾರ್?"

"ಕಿಚಡಿ ಕಣಯ್ಯ. ಬಿಸಿಬಿಸಿ ಕಿಚಡಿ. ಮಳೇಲಿ ನೆಂದು ನಡುಗ್ತಿದ್ವಿ, ಅಮೃತ ಅನ್ಸ್ತು."

"ಯಾವ ಪಾತ್ರೇಲಿ ಮಾಡಿದ್ರು ಸಾರ್? ಪಾತ್ರೆ ಎಲ್ಲಾ ಬೆಳಿಗ್ಗೇನೇ ಓಡಿಹೋಗಿತ್ತಲ್ಲ?"

ಸಾಹೇಬ್ರ ಲೋಟ ಹಂಗೇ ನಿಂತೋಯ್ತು. ಆಮೇಲೆ ತಲೆ ಬಗ್ಗಿಸ್ಕೊಂಡೇ ಅಂದ್ರು, "ಬಂದಿದ್ದ. ಊಟ ತಂದುಕೊಟ್ಟ. ಗಾಯ ಆದೋರು ನದಿ ಆಚೆ ದಡದಲ್ಲಿ ಉಳಿದಿದ್ರು, ಕರ್ಕೊಂಡ್ ಬಾ ಅಂತ ನಾನೇ ಮತ್ತೆ ಕಳಿಸ್ದೆ. ಶತ್ರು ಹತ್ರ ಬಂದ್ಬಿಟ್ಟ. ಮದ್ದಿಟ್ಟಿದ್ದ ಸೇತುವೇನ ಹಾರಿಸಿ ಅಂದೆ. ಲಾರಿ ಸೇತುವೆ ಮೇಲಿತ್ತು. ನೋಡ್ದೆ, ಆದ್ರೂ ಅಂದೆ." ಆಮೇಲೆ, "ಬರೀತೀಯೇನೋ?" ಅಂದ್ರು. "ಬರೀತೀನಿ ಸಾರ್" ಅಂದೆ. ನಂಗೆ ಅಳು ಬಂತು, ಸುಳ್ಳ್ಯಾಕೆ. ಆ ಮನೆ ಮೆಟ್ಟಿಲು ಮತ್ತೆ ಹತ್ಲಿಲ್ಲ ನಾನು.

ಬಿನ್ನಿಪೇಟೆಗೆ ಹೋಗಿ ಗೌರಮ್ಮನಿಗೆ ಎಲ್ಲಾ ಹೇಳ್ದೆ. ಅಳ್ತಾಳೆ ಅನ್ಕೊಂಡಿದ್ದೆ. ಇಲ್ಲ. ಬೀದಿಗೆ ಬಂದು ನಿಂತು ಕೂಗಿದ್ಲು, "ಬನ್ರೇ ಎಲ್ಲಾ ಈಚೆಗೆ! ಸ್ವಾಮಿ, ಇನ್ನೊಂದ್ ಸಲ ಹೇಳಿ, ಜೋರಾಗಿ ಹೇಳಿ!" ಹೇಳ್ದೆ, ಪರೇಡಲ್ಲಿ ಕೂಗ್ದಂಗೆ. ರುದ್ರಪ್ಪ ಓಡಿಹೋಗ್ಲಿಲ್ಲ, ಗಾಯ ಆದೋರನ್ನ ಕರ್ಕೊಂಡು ಬರೋವಾಗ ಸತ್ತ ಅಂತ. ಬಾಗಿಲು ಒಂದೊಂದೇ ತೆಗೀತು. ನಲ್ಲಿ ಹತ್ರ ಇದ್ದೋಳು ತಲೆ ಎತ್ಲಿಲ್ಲ. ಆಮೇಲೆ ಅತ್ಲು ನೋಡಿ ಗೌರಮ್ಮ, ಅಷ್ಟು ವರ್ಷದ್ದೂ ಸೇರಿಸಿ ಅತ್ಲು.

ಅದಕ್ಕೇ ಹೇಳೋದು, ಅನುಮಾನ ಪಡಿ, ಬೇಡ ಅನ್ನಲ್ಲ. ಆದ್ರೆ ಬಡವರ ಹೊಸಲಲ್ಲಿ ಶುರು ಮಾಡ್ಬೇಡಿ. ಒಳ್ಳೇ ಕಾಫಿ ಕೊಡೋರ ಜಗಲೀಲಿ ಶುರು ಮಾಡಿ.