ವಾರದ ಮಾತ್ರೆ

...ಅದಲ್ಲ ಕಣೇ ಗುಬ್ಬಿ, ಇನ್ನೊಂದು ಸಲ ಊಹಿಸು! ಪ್ರಕಾಶಕರು ಬೆಳಿಗ್ಗೆ ಫೋನ್ ಮಾಡಿ ಏನಂದಿರಬಹುದು? ಬಿಡು, ನಾನೇ ಹೇಳ್ತೀನಿ, ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ನನ್ನ ಪುಸ್ತಕ ಅಚ್ಚಾಗೋ ಮುಂಚೇನೇ ವೈದ್ಯರ ಸಂಘದವರು ಮುನ್ನೂರು ಪ್ರತಿ ಬೇಕು ಅಂದಿದಾರಂತೆ! ಮುನ್ನೂರು!

ಯಾಕೆ ನಗ್ತೀಯ? ನಿವೃತ್ತನಾದ ಅಪ್ಪ ಹೂಕುಂಡಕ್ಕೆ ನೀರು ಹಾಕ್ಕೊಂಡು ಬಿದ್ದಿರ್ತಾನೆ ಅಂದ್ಕೊಂಡಿದ್ದೆ, ಅಲ್ವಾ? ಮೊದಲ ವಾಕ್ಯಾನೇ ಅವರಿಗೆ ಬಹಳ ಹಿಡಿಸಿತಂತೆ. 'ಇವು ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆಗಳು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯನ್ನು ತಿನ್ನುತ್ತದೆ.' ಹೇಗಿದೆ!

ಕರಡು ನೀನೇ ತಿದ್ದಬೇಕಮ್ಮ. ಸೋಪಿನ ಪೊಟ್ಟಣಾನೂ ಮೂರು ಸಲ ಓದೋಳು ನೀನು! ಆ ಹಳೇ ಆಸ್ಪತ್ರೆ ಕಡತ ಪಕ್ಕದಲ್ಲಿಟ್ಕೋ, ರಕ್ತಪರೀಕ್ಷೆಯ ಅಂಕಿ ತಪ್ಪಬಾರದು. ಏಳನೇ ಅಧ್ಯಾಯ ತೆಗಿ. ಈ ಸೂತ್ರಾನ ದಪ್ಪಕ್ಷರದಲ್ಲಿ ಹಾಕ್ತಾರಂತೆ, ಕೇಳು: 'ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ ಕೊಡುವಾಗ ವಾರಕ್ಕೊಮ್ಮೆ ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಸೋಮವಾರವೋ ಮಂಗಳವಾರವೋ, ವಾರದ ಹೆಸರನ್ನೂ ಬರೆಯಿರಿ. ದಿನಾ ನುಂಗಿದರೆ ಅದು ಮದ್ದಲ್ಲ, ವಿಷ.'

ಏನದು, ಎಲ್ಲಿ ಬೆರಳಿಟ್ಟಿದೀಯ?

ಓ... ಕೆಳಗಿನ ಉದಾಹರಣೆ. ಹೌದು, ಅರವತ್ತೊಂದು ವರ್ಷದ ಮಹಿಳೆ... ಅಮ್ಮನೇ. ಹೆಸರು ಹಾಕಿಲ್ಲವಲ್ಲ. 'ಮನೆಯವರು ತಪ್ಪು ತಿಳಿದು ಪ್ರತಿದಿನ ಕೊಟ್ಟರು.' ಮಗಳು ಅಂತ ಬರೆದಿದೀನಾ? ಮನೆಯವರು ಅಂದಿದೀನಿ. ಅಷ್ಟು ಯೋಚನೆ ಮಾಡಿದೀನಪ್ಪ!

ಅಳಬೇಡ್ವೇ. ನಾನು ಆವತ್ತೇ ಕ್ಷಮಿಸಿಬಿಟ್ಟೆ ಅಂತ ಆರು ವರ್ಷದಿಂದ ಹೇಳ್ತಾನೇ ಇದೀನಿ. ಅಮ್ಮನ ಬೆರಳು ಸೊಟ್ಟಗಾಗಿದ್ವು, ಮಾತ್ರೆ ಬಿಡಿಸೋಕೆ ಆಗ್ತಿರಲಿಲ್ಲ. ದಿನಕ್ಕೊಂದರಂತೆ ಏಳು ಗೂಡಿನ ಮಾತ್ರೆ ಡಬ್ಬಿ, ನೀನು ಏಳಕ್ಕೂ ಹಾಕಿಟ್ಟೆ. ಒಂಬತ್ತನೇ ದಿನ ಬಾಯಿ ತುಂಬ ಹುಣ್ಣು, ನೀರೂ ಇಳೀತಿರಲಿಲ್ಲ. ಬಿಳಿ ರಕ್ತಕಣ ಪಾತಾಳಕ್ಕೆ... ಆಮೇಲೆ ಆ ಜ್ವರ. 'ಗುಬ್ಬೀನ ಬೈಬೇಡಿ ಕಣ್ರೀ' ಅಂದ್ಳು, ಅದೇ ಕೊನೆ ಮಾತು. ನಾನು ಬೈದ್ನಾ? ಹೇಳು, ಒಂದು ಮಾತು ಬೈದ್ನಾ?

ಏನು ಕೈಯಲ್ಲಿ? ಕಡತದಲ್ಲಿತ್ತಾ? ಕೊಡಿಲ್ಲಿ... ಕೊಡು ಅಂದ್ನಲ್ಲ!

...ಹ್ಞೂಂ. ಅಮ್ಮನ ಔಷಧಿ ಚೀಟಿ. ಕಳೆದುಹೋಯ್ತು ಅಂದಿದ್ದೆ ನಿನಗೆ. ಸುಡೋಕೆ ಹೋದೆ ಗುಬ್ಬಿ, ಎರಡು ಸಲ. ಆಗಲಿಲ್ಲ. ಅಲ್ಲೇ ಇಟ್ಟು ಮರೆತ್ನೋ, ನಿನಗೆ ಸಿಗಲಿ ಅಂತಲೇ ಕಡತ ಕೊಟ್ನೋ, ನನಗೇ ಗೊತ್ತಿಲ್ಲ.

ನನ್ನದೇ ಅಕ್ಷರ. ಒಂದು, ಸೊನ್ನೆ, ಸೊನ್ನೆ. ದಿನಾ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಮೂವತ್ತೆಂಟು ವರ್ಷ ದಿನಕ್ಕೆ ಅರವತ್ತು ಜನಕ್ಕೆ ಹಾಗೇ ಬರೆದ ಕೈ ಅದು... ತಾನಾಗೇ ಓಡ್ತು. ಬಾಗಿಲಲ್ಲಿ ಕಾರು ನಿಂತಿತ್ತು, ನನ್ನ ಬೀಳ್ಕೊಡುಗೆ ಸಭೆ. ಮಾರನೇ ದಿನವೇ ಗೆಳೆಯರ ಜೊತೆ ಪ್ರವಾಸ. 'ದಿನಾನಾ ಅಪ್ಪಾ?' ಅಂತ ನೀನು ಫೋನಲ್ಲೂ ಕೇಳಿದ್ದೆ. 'ಚೀಟೀಲಿರೋ ಹಾಗೆ ಕೊಡೇ, ಡಾಕ್ಟರ್ ನಾನಾ ನೀನಾ' ಅಂದು ನಕ್ಕಿದ್ದೆ. ಆಮೇಲೆ... 'ವಾರಕ್ಕೊಂದು ಅಂತಲೇ ಬರೆದಿದ್ದೆ, ನೀನೇ ಸರಿಯಾಗಿ ಓದಲಿಲ್ಲ' ಅಂದೆ. ನೀನು ನಂಬಿದೆ. ನಿನ್ನ ಕಣ್ಣನ್ನ ಬಿಟ್ಟು ನನ್ನ ಮಾತನ್ನ ನಂಬಿದೆ.

ಬೈಯೇ. ಹಾಗೆ ನೋಡ್ಬೇಡ...

ಪೆನ್ಸಿಲ್ ಯಾಕೆ ನನ್ನ ಮುಂದೆ ಇಡ್ತೀಯ?

...ಸರಿ. ಸರಿ ಕಣಮ್ಮ. 'ಮನೆಯವರು ತಪ್ಪು ತಿಳಿದು' ಹೊಡೆದುಹಾಕಿದೆ, ನೋಡು. 'ವೈದ್ಯನಾದ ಗಂಡ ತಪ್ಪು ಬರೆದುಕೊಟ್ಟ.' ಸಾಕಾ? ಇಲ್ಲ, ತಾರೀಖೂ ಹಾಕ್ತೀನಿ, ಚೀಟೀಲೇ ಇದೆಯಲ್ಲ. ಮೇ ಮೂವತ್ತೊಂದು. ವಾರದ ಹೆಸರನ್ನೂ ಬರೀಬೇಕು ಅಲ್ವಾ, ನನ್ನದೇ ಸೂತ್ರ... ನನ್ನ ಬೀಳ್ಕೊಡುಗೆ ದಿನ... ಶುಕ್ರವಾರ.