ತಗ್ಗು ಬಾಗಿಲು

ಅಣೆಕಟ್ಟಿನ ದೋಣಿ ಟಿಕೆಟ್ಟಿನ ಸಾಲಿನಲ್ಲಿ ನನ್ನ ಮುಂದೆ ತಲೆ ನರೆತ ಅಣ್ಣ ತಂಗಿ ನಿಂತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಆಚೆ ಫೋಟೋ ತೆಗೆಯುತ್ತಿದ್ದರು. ಕಿವಿ ಮುಚ್ಚಿಕೊಳ್ಳುವಷ್ಟು ಒಳ್ಳೆಯವನು ನಾನಲ್ಲ.

“ಅಣ್ಣಾ, ನಾವು ಇಳ್ಕೊಂಡಿರೋ ಲಾಡ್ಜಿನ ಅಡುಗೆಮನೆ ಬಾಗಿಲಿಗೆ ಬೆಳಗ್ಗೆ ಎಲ್ರೂ ತಲೆ ಹೊಡ್ಕೊಂಡ್ರು.”

“ತಗ್ಗು ಬಾಗಿಲು.”

“ನಾನು ನನಗೇ ಗೊತ್ತಿಲ್ದೆ ಬಗ್ಗಿದೆ. ನೀನೂ ಬಗ್ಗಿದೆ.”

“ಹಳೇ ಮನೆಗಳೆಲ್ಲ ಹಾಗೇ ಕಣೇ.”

“ಮುಂದೆಲ್ಲ ಹೊಸದು ಮಾಡಿದಾರೆ, ನಿನ್ನೆ ಗುರುತೇ ಸಿಗ್ಲಿಲ್ಲ. ಅಮ್ಮನ ಮನೆ ಮುಳುಗಿಹೋಯ್ತು ಅಂದಿದ್ಯಲ್ಲ?”

“ಮುಳುಗುತ್ತೆ ಅಂತಾನೇ ಎಲ್ರೂ ಹೇಳ್ತಿದ್ರು. ನೀರು ಅಲ್ಲೀವರೆಗೂ ಬರ್ಲಿಲ್ಲ.”

“ಆಮೇಲೆ?”

“ಮಾರ್ದೆ. ಈ ಹುಡುಗ್ರು ಹುಡುಕಿ ಹುಡುಕಿ ಅಲ್ಲೇ ರೂಮ್ ಹಿಡೀತಾರೆ ಅಂತ ನಾನೇನು ಕನಸು ಕಂಡಿದ್ನಾ?”

“ಮಾರಿದ್ದು ಹಾಳಾಗ್ಲಿ ಬಿಡು. ನಿನ್ನೆ ನಾನು, ಅಮ್ಮನ ಮನೆ ಇದರಡೀಲಿದೆ ಅಂತ ಈ ನೀರಿಗೆ ಕೈ ಮುಗಿದಾಗ, ಪಕ್ಕದಲ್ಲಿ ನಿಂತು ನೀನೂ ಮುಗಿದ್ಯಲ್ಲಣ್ಣ.”

ಅಷ್ಟರಲ್ಲಿ ಅವರ ಸರದಿ ಬಂತು.

“ಎಷ್ಟು ಜನ?” ಕಿಟಕಿಯೊಳಗಿನವನು ಕೇಳಿದ.

“ಏಳು.”

“ಆರು ಕೊಡಪ್ಪ,” ಎಂದು ತಂಗಿ ಸಾಲು ಬಿಟ್ಟು, ಲಾಡ್ಜಿನ ದಾರಿ ಹಿಡಿದರು.